ಬೆಟ್ಟಮ್ಮ ಮೂಸದ ಹೂವು

ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ. ಮೈಸೂರಿನಲ್ಲಿ ಹಸುಗೂಸು ಬಿಟ್ಟು ಎಲ್ಲರಿಗೂ ಇದು ಗೊತ್ತು. ಗೊತ್ತಿದ್ದರಿಂದಲೇ ನಾನು ಆ ಸುಳ್ಳನ್ನು ಆರಿಸಿಕೊಂಡೆ.

ಬೆಟ್ಟಮ್ಮ ದೇವರಾಜ ಮೊಹಲ್ಲಾದ ಹೂವಿನ ಸಾಲಿನಲ್ಲಿ ಇಪ್ಪತ್ತು ವರ್ಷ ಮಲ್ಲಿಗೆ ಕಟ್ಟಿದವಳು. ಬಾಳೆನಾರು ಹಿಡಿದು ಕೂತರೆ ಕಣ್ಣು ಎಲ್ಲೋ ಇರುತ್ತಿತ್ತು, ಕೈ ಮಾತ್ರ ತಪ್ಪುತ್ತಿರಲಿಲ್ಲ. ಐವತ್ತೆರಡನೇ ಇಸವಿಯಲ್ಲಿ ಗಂಡ ಮಹದೇವು ಕ್ಷಯ ಹಿಡಿದು ಮಲಗಿದ. ನೆಂಟರು ಹೊಸ್ತಿಲಾಚೆಯೇ ನಿಂತು ವಿಚಾರಿಸಿ ಹೋದರು. ಒಳಗೆ ಬಂದು ಅವನ ಕಫದ ಬಟ್ಟಲು ತೊಳೆದವಳು ಚರ್ಚಿನ ಒಬ್ಬ ಮುದುಕಿ. ಮಹದೇವು ತೀರಿಕೊಂಡ ಮೇಲೆ ಬೆಟ್ಟಮ್ಮ ಆ ಮುದುಕಿಯ ಜೊತೆ ಚರ್ಚಿಗೆ ನಡೆದಳು. ವರ್ಷದೊಳಗೆ ದೀಕ್ಷಾಸ್ನಾನವೂ ಆಯಿತು.

ಹೂವಿನ ಸಾಲು ಕುದಿಯಿತು. ಹೂವಿನವರ ಸಂಘದ ಯಜಮಾನ ಸಿದ್ದಮಲ್ಲಪ್ಪನವರು ಅವಳನ್ನು ಕರೆಸಿ, "ಚರ್ಚು ಬುಟ್ಟೆ ಅಂತ ಒಂದು ಮಾತು ಅನ್ನು ಬೆಟ್ಟಮ್ಮ, ನಿನ್ನ ಜಾಗ ನಿಂದೇ" ಎಂದರು.

"ಜಾಗ ನೀವು ಕೊಟ್ಟಿದ್ದು, ಕಿತ್ಕೊಳ್ಳಿ ಬುದ್ಧಿ. ಯೇಸಪ್ಪ ನೀವು ಕೊಟ್ಟೋನಲ್ವಲ್ಲ!"

ಅವಳನ್ನು ಎಬ್ಬಿಸಲು ಸಂಘಕ್ಕೊಂದು ದೂರು ಬೇಕಾಯಿತು. ಎದುರಿನ ವೀಳ್ಯದೆಲೆ ಅಂಗಡಿಯವನು ನಾನು. ಪೊಟ್ಟಣದ ಕಾಗದ ಓದಿ ಓದಿ ಅಕ್ಷರ ಕಲಿತಿದ್ದೆ. ಇಡೀ ಸಾಲಿಗೆ ನಾನೇ ಬರಹಗಾರ. ಮತ ಬಿಟ್ಟಳು ಎಂದಷ್ಟೇ ಬರೆದರೆ ಸಪ್ಪೆ ಅನ್ನಿಸಿತು. 'ದೇವರ ಹೂವನ್ನು ಮೂಸಿ ಮೂಸಿ ಕಟ್ಟುತ್ತಾಳೆ' ಎಂದು ಸೇರಿಸಿದೆ. ಎಲ್ಲರೂ ಭೇಷ್ ಅಂದರು. ಹದಿನಾಲ್ಕು ಹೆಬ್ಬೆಟ್ಟು ಬಿತ್ತು. ಜನ ಮೆಚ್ಚಿದ ನನ್ನ ಮೊದಲ ಬರಹ ಅದು.

ಸಂಘದವರು ಕೊಟ್ಟ ನಕಲು ಹಿಡಿದು ಬೆಟ್ಟಮ್ಮ ನನ್ನ ಹತ್ತಿರವೇ ಬಂದಳು, ಓದಿಸಿಕೊಳ್ಳಲು. ಓದಿದೆ. ನಾಚಿಕೆಗೆಟ್ಟ ನಾಲಗೆ ಎಲ್ಲೂ ತಡವರಿಸಲಿಲ್ಲ. ಅವಳು ನಕ್ಕುಬಿಟ್ಟಳು.

"ಯಾವನಪ್ಪ ಬರ್ದೋನು? ನಸ್ಯ ಏರ್ಸಿ ಏರ್ಸಿ ನನ್ನ ಮೂಗು ಸತ್ತು ಹತ್ತು ವರ್ಸ ಆಯ್ತಲ್ಲೋ! ದಿನಾ ಎದುರ್ಗೇ ಕೂತಿರ್ತೀಯ ಚೆಲುವ, ನಾನು ಮೂಸಿದ್ದು ಕಂಡಿದ್ದೀಯಾ? ಸಂಘದಲ್ಲಿ ಅಷ್ಟೇ ಹೇಳ್ಬುಡು ಮಗ."

"ವ್ಯಾಪಾರದ ಹೊತ್ತು ಕಣಮ್ಮ" ಎಂದೆ.

ಮಾರನೆಯ ದಿನ ಅವಳ ಜಾಗ ಖಾಲಿಯಾಗಿತ್ತು.

ಹತ್ತು ವರ್ಷ ಕಳೆದಿದೆ. ಈಗ ಅವಳು ಹಿನಕಲ್ ದಾರಿಯ ಆಲದ ಮರದ ಕೆಳಗೆ ಹೂವು ಕಟ್ಟುತ್ತಾಳೆ. ಅಂಗಡಿ ಬಿಟ್ಟು ಈಗ ಪತ್ರಿಕೆಯಲ್ಲಿ ಊರಿಗೆಲ್ಲ ನ್ಯಾಯ ಹೇಳುವ ಅಂಕಣಕಾರನಾದ ನಾನು ಹೋದ ವಾರ ಅಲ್ಲಿಗೆ ಹೋಗಿ, "ಬರೆದವನು ನಾನೇ" ಎಂದೆ.

ಅವಳ ಕೈ ನಿಂತಿತು. ಅದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಜಾಗ ಹೋದ್ಮೇಲೆ ಮೂರು ಭಾನುವಾರ ಚರ್ಚಿಗೆ ಹೋಗ್ಲಿಲ್ಲ ನಾನು" ಎಂದಳು. "ನಿಮ್ಮೆಲ್ಲರ ಕೈ ಸೇದೋಗ್ಲಿ ಅಂತ ಬಾಯಿಗೆ ಬರೋದು. ಅಂಥ ಬಾಯಿ ಇಟ್ಕೊಂಡು ಅವನ ಮುಂದೆ ಎಂಗೆ ಕೂತ್ಕೊಳ್ಳಲಿ?"

"ಆಮೇಲೆ?"

"ಯೇಸಪ್ಪ, ಈ ಸಿಟ್ಟು ನೀನೇ ಇಟ್ಕೋ, ನನ್ನ ಕೈಗೆ ಬೇರೆ ಕೆಲ್ಸ ಅದೆ ಅಂದೆ. ಒಂದೇ ಸಲಕ್ಕೆ ಮುಗೀಲಿಲ್ಲ ಕಣೋ. ದಿನಾ ಕೊಡ್ತಾನೇ ಇವ್ನಿ. ನಿನ್ನ ಮೇಲಿಂದು ಇವತ್ತು ಕೊಡ್ತೀನಿ. ಹೋಗು."

ಬೈದಿದ್ದರೆ ತಲೆ ಎತ್ತಿ ಬರುತ್ತಿದ್ದೆನೇನೋ.

ನನ್ನ ಸುಳ್ಳು ಇನ್ನೂ ಸತ್ತಿಲ್ಲ. ಈ ಅಂಕಣ ಓದುವ ನೀವು ಅವಳ ಹೂವನ್ನು ಇವತ್ತಿಗೂ ತುರುಬಿಗೆ ಕೊಳ್ಳುತ್ತೀರಿ, ಹೆಣಕ್ಕೆ ಕೊಳ್ಳುತ್ತೀರಿ. ದೇವರಿಗೆ ಮಾತ್ರ ಕೊಳ್ಳುವುದಿಲ್ಲ. ಯಾಕೆಂದು ಕೇಳಿದರೆ ನಾನು ಬರೆದದ್ದನ್ನೇ ನನಗೆ ಒಪ್ಪಿಸುತ್ತೀರಿ. ನಾಳೆ ಹಿನಕಲ್ ದಾರಿಗೆ ಹೋಗಿ. ಬೆಟ್ಟಮ್ಮನ ಹತ್ತಿರ ಒಂದು ಮೊಳ ಕೊಳ್ಳಿ. ತಂದು ನಿಮ್ಮ ದೇವರಿಗೆ ಮುಡಿಸಿ.