ಡಾಕ್ಟರ ಪಾಲಿನ ಕಾಫಿ

ಇವತ್ತು ಬೆಳಿಗ್ಗೆ ನನ್ನ ರಕ್ತ ತೆಗೆಯಲು ಲ್ಯಾಬಿನವನು ಮನೆಗೆ ಬಂದಿದ್ದ. ಮೂವತ್ತು ದಾಟಿದ ಆಸಾಮಿ, ಬೈಕಿನ ಹಿಂದೆ ನೀಲಿ ಡಬ್ಬ. ಸ್ಪಿರಿಟ್ ಹತ್ತಿಯಿಂದ ಒರೆಸಿದ, ಚುಚ್ಚಿದ, ಎದ್ದ. ನನ್ನಾಕೆ ಕಾಫಿ ಹಿಡಿದು ಬರುವಷ್ಟರಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. "ಬೇಡಮ್ಮ, ಇನ್ನೂ ಬೇಕಾದಷ್ಟು ಮನೆ ಇದೆ" ಎಂದು ಹೊರಗೆ ಹೋಗಿ, ಬೈಕಿನ ಸೀಟಿನ ಮೇಲೆ ಟ್ಯೂಬುಗಳನ್ನಿಟ್ಟುಕೊಂಡು ಹೆಸರಿನ ಚೀಟಿ ಅಂಟಿಸತೊಡಗಿದ. "ಎಂಥಾ ಕಾಲ ಬಂತು ನೋಡಿ" ಎಂದು ನನ್ನಾಕೆ ಲೋಟವನ್ನು ಒಳಗೆ ಒಯ್ದಳು. ನನ್ನ ಮೂಗಿನಲ್ಲಿ ಸ್ಪಿರಿಟ್ಟಿನ ವಾಸನೆ ಉಳಿಯಿತು. ಅದು ನನ್ನನ್ನು ರಿವರ್ಸ್ ಗೇರಿನಲ್ಲಿ ಹಳೆಯ ದಿನಗಳಿಗೆ ಕರೆದೊಯ್ದಿತು. ನಮ್ಮ ಕಾಲದಲ್ಲಿ ಒಬ್ಬರ ಮನೆಯಿಂದ ಅಷ್ಟು ಸುಲಭಕ್ಕೆ ರಕ್ತ ತರುವುದು ಸಾಧ್ಯವಿರಲಿಲ್ಲ ಸ್ವಾಮಿ. ಮೊದಲು ಅವರ ಕಾಫಿ ಕುಡಿಯಬೇಕಿತ್ತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಾಲೆ ನನ್ನನ್ನು ಬಿಡಲಿಲ್ಲ, ನಾನೇ ಬಿಟ್ಟದ್ದು. ಈ ವ್ಯತ್ಯಾಸವನ್ನು ತಾವು ದಯವಿಟ್ಟು ಗಮನಿಸಬೇಕು. ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಕಡಕೊಳದ ಫ್ಯಾಕ್ಟರಿಗಳಿಗೆ ಸಾಮಾನು ಹೊಡೆದು, ಯಾರ ಗಾಡಿಗೂ ಒಂದು ಗೀರು ಬೀಳಿಸದೆ ದುಡಿದೆ. ಆ ಹೆಸರು ಕೇಳಿಯೇ ತೊಂಬತ್ತರ ದಶಕದ ಕೊನೆಯಲ್ಲಿ ಒಬ್ಬ ಡಾಕ್ಟರು ತಮ್ಮ ಸಂಶೋಧನೆಯ ವ್ಯಾನಿಗೆ ನನ್ನನ್ನು ಕರೆದರು.

ಡಾಕ್ಟರ ಸಂಶೋಧನೆ ಸಕ್ಕರೆ ಕಾಯಿಲೆ ಮತ್ತು ಹೃದಯದ ಮೇಲೆ. ನೋಡಲು ಕಡ್ಡಿಯ ಹಾಗಿರುವ ನಮ್ಮವರಿಗೆ ಇಷ್ಟು ಬೇಗ ಸಕ್ಕರೆ ಬರುವುದೇಕೆ, ಬಂದ ಮೇಲೆ ಹೃದಯಕ್ಕೆ ಏಟು ಬೀಳುವುದು ಯಾರಿಗೆ, ಬೀಳದಿರುವುದು ಯಾರಿಗೆ. ಇದನ್ನು ತಿಳಿಯಲು ಊರಿನ ಕೆಲವು ಬೀದಿಗಳ ಮನೆಗಳನ್ನು ಆರಿಸಿಕೊಂಡಿದ್ದರು. ಬರಿಹೊಟ್ಟೆಯ ರಕ್ತ, ಸೊಂಟಕ್ಕೆ ಟೇಪು, ಬಿ.ಪಿ., ಎದೆಗೆ ವೈರು ಅಂಟಿಸಿ ಇ.ಸಿ.ಜಿ. ಕೆಲವು ವರ್ಷ ಬಿಟ್ಟು ಅದೇ ಜನಕ್ಕೆ ಮತ್ತೆ ಅದೇ. ಆರಿಸಿದ ಮನೆ ಒಲ್ಲೆ ಎಂದರೆ ಪಕ್ಕದ ಮನೆಗೆ ಹೋಗುವಂತಿಲ್ಲ. "ಅದೇ ಮನೆ ಬೇಕು ಕಣಯ್ಯ. ಒಪ್ಪಿದವರನ್ನೇ ನೋಡ್ತಾ ಹೋದ್ರೆ ಅದು ಸಂಶೋಧನೆ ಅಲ್ಲ, ನೆಂಟರ ಮನೆ ಓಡಾಟ" ಎನ್ನುತ್ತಿದ್ದರು. ಹಾಗಾಗಿ ಹಿಂದಿನ ಸಂಜೆಯೇ ಹೋಗಿ ಕೂತು, ಮಾತಾಡಿ, ನಾಳೆ ಬೆಳಿಗ್ಗೆ ಏನೂ ತಿನ್ನದೆ ಇರಿ ಎಂದು ಒಪ್ಪಿಸಿ ಬರಬೇಕಿತ್ತು.

ಮೈಸೂರಿನಲ್ಲಿ ಸಂಜೆ ಒಂದು ಮನೆಗೆ ಹೋಗಿ ಕೂರುವುದೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಕಾಫಿ ಬರುತ್ತದೆ. ಬೇಡ ಎಂದರೆ ಅರ್ಧ ಲೋಟ ಬರುತ್ತದೆ. ಅರ್ಧವೂ ಬೇಡ ಎಂದರೆ ಜೊತೆಗೆ ಒಂದು ರವೆಉಂಡೆಯೂ ಬರುತ್ತದೆ. ಡಾಕ್ಟರ ಕಷ್ಟವೇನೆಂದರೆ, ಸ್ವತಃ ಅವರಿಗೇ ಸಕ್ಕರೆ ಇತ್ತು.

ಇದು ನನಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. "ಸಕ್ಕರೆ ಡಾಕ್ಟರಿಗೇ ಸಕ್ಕರೆ ಅಂತ ಗೊತ್ತಾದ್ರೆ ಯಾರಯ್ಯ ತೋಳು ಕೊಡ್ತಾರೆ?" ಎಂದರು ಒಂದು ದಿನ.

"ಕಟಿಂಗ್ ಶಾಪಿನವನ ತಲೆ ಬೋಳಾಗಿದ್ರೆ ಜನ ಕಟಿಂಗಿಗೆ ಹೋಗಲ್ವಾ ಸಾರ್?" ಎಂದೆ.

"ನೀನು ಗಾಡಿ ಓಡ್ಸು" ಎಂದರು.

ಗಾಡಿ ಓಡಿಸಿದೆ. ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಮನೆಯವರು ಆ ಕಡೆ ತಿರುಗಿದ ಕೂಡಲೇ ನನ್ನ ಖಾಲಿ ಲೋಟ ಡಾಕ್ಟರ ಮುಂದೆ, ಅವರ ತುಂಬಿದ ಲೋಟ ನನ್ನ ಬಾಯಿಗೆ. ಕಾಫಿ, ಕೋಸಂಬರಿ, ಕಜ್ಜಾಯ, ಹೋಳಿಗೆ, ಹಬ್ಬದ ಮರುದಿನವಾದರೆ ಇಡೀ ಹಬ್ಬ. ಕೋಸಂಬರಿಯೊಂದನ್ನು ಮಾತ್ರ ಡಾಕ್ಟರು ತಾವೇ ತಿನ್ನುತ್ತಿದ್ದರು, ಆ ಮಟ್ಟಿಗೆ ಸ್ವಾರ್ಥಿ. ಉಳಿದದ್ದೆಲ್ಲ ನಾನು. ಎರಡಾಳಿನ ಕೆಲಸವನ್ನು ಒಬ್ಬನೇ ಮಾಡಿದರೂ ಮುಖ ಸಿಂಡರಿಸಲಿಲ್ಲ. ದೇಶದ ವಿಜ್ಞಾನ ನನ್ನ ಹೊಟ್ಟೆಯ ಮೇಲೆ ನಿಂತಿದೆ ಎಂಬ ಹೆಮ್ಮೆ ನನಗೆ. ಹೊಟ್ಟೆಯೂ ಆ ಭಾರಕ್ಕೆ ತಕ್ಕ ಹಾಗೆ ಮುಂದೆ ಬರತೊಡಗಿತು. "ಡ್ರೈವರಿಗೆ ಸ್ಟೇರಿಂಗ್ ಇಡೋಕೆ ಒಂದು ಜಾಗ ಬೇಕಲ್ಲ" ಎಂದು ನನ್ನಾಕೆಗೆ ಸಮಜಾಯಿಷಿ ಹೇಳಿದ್ದೆ.

ಹೀಗೆ ನಡೆಯುತ್ತಿದ್ದ ಗಾಡಿ ನಿಂತದ್ದು ಅಶೋಕಪುರಂನಲ್ಲಿ, ನಂಜಮ್ಮನವರ ಮನೆಯಲ್ಲಿ. ನಂಜಮ್ಮನ ಗಂಡ ಇನ್ನೂ ಗಟ್ಟಿಯಾಗಿದ್ದಾಗಲೇ ಸೈಕಲ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕೂತವರು ಏಳಲಿಲ್ಲ. ಒಬ್ಬನೇ ಮಗ ಮಹದೇವ. ಮೈಸೂರಿನದೇ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಅಪ್ಪನದೇ ಮೈಕಟ್ಟು. ಡಾಕ್ಟರಿಗೆ ಆ ಹುಡುಗನ ಚಿಂತೆ ಹತ್ತಿಬಿಟ್ಟಿತ್ತು. "ಇವನದು ಹೇಗಾದರೂ ನೋಡ್ಲೇಬೇಕು ಕಣಯ್ಯ, ಇದು ಬರೀ ಸಂಶೋಧನೆಗಲ್ಲ" ಎಂದು ದಾರಿಯುದ್ದಕ್ಕೂ ಹೇಳಿದರು.

ನಂಜಮ್ಮ ಶ್ಯಾವಿಗೆ ಪಾಯಸ ಮಾಡಿದ್ದರು. ಎರಡು ಲೋಟ ಇಟ್ಟು, ಒಳಗೆ ಹೋಗಲು ತಿರುಗಿದರು. ನಾನು ನನ್ನದನ್ನು ಮುಗಿಸಿ ಲೋಟ ಬದಲಾಯಿಸಿದೆ. ಆ ಅಮ್ಮ ತಿರುಗಿದವರು ಹೋಗಿರಲಿಲ್ಲ, ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದರು.

"ನಮ್ಮನೆ ಲೋಟ ಆಗಕ್ಕಿಲ್ವಾ ಡಾಕ್ಟ್ರಿಗೆ?"

ಆ ಬೀದಿಯಲ್ಲಿ ಆ ಪ್ರಶ್ನೆಗೆ ನಮ್ಮೆಲ್ಲರಿಗಿಂತ ಹೆಚ್ಚು ವಯಸ್ಸು. "ಇಲ್ಲ ಕಣವ್ವ, ಡಾಕ್ಟ್ರು ಇವತ್ತು ಉಪವಾಸ" ಎಂದೆ.

"ವಾರದಿಂದ ಪಕ್ಕದ್ಮನೇಲೂ ಉಪವಾಸ, ಎದುರ್ಮನೇಲೂ ಉಪವಾಸ, ಕಿಟ್ಕೀಲಿ ನಾನೇ ಕಂಡಿವ್ನಿ. ಏನ್ ಡ್ರೈವರಪ್ಪ, ನಿಮ್ ಡಾಕ್ಟ್ರು ಈ ಬೀದಿಗೆ ಬಂದಾಗ್ಲೇ ದೇವ್ರು ಗ್ಯಾಪ್ಕ ಆಗೋದಾ? ನಮ್ಮಪ್ಪಂಗೆ ಮೇಲ್ಜಾತಿಯೋರು ಅಂಗೈಗೆ ನೀರು ಉಯ್ತಿದ್ರು ಕಣಪ್ಪ. ಅವ್ರು ಎದ್ರುಗೇ ಉಯ್ತಿದ್ರು, ನಿಮ್ಮಂಗೆ ಕದ್ದಲ್ಲ."

"ಬುಡವ್ವ" ಎಂದ ಗೋಡೆಗೊರಗಿ ನಿಂತಿದ್ದ ಮಹದೇವ.

"ನೀ ಸುಮ್ಕಿರು. ನಮ್ ಪಾಯ್ಸ ಬ್ಯಾಡ್ದೋರಿಗೆ ನಮ್ ರಕ್ತ ಯಾಕೆ? ಎದ್ದೋಗಿ."

ಆ ಬಾಗಿಲು ಮುಚ್ಚಿದರೆ ಬೆಳಗಾಗುವುದರೊಳಗೆ ಇಡೀ ಬೀದಿಯ ಬಾಗಿಲು ಮುಚ್ಚುತ್ತದೆ, ಮಹದೇವನ ತೋಳು ಇನ್ನೆಂದೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕೈಯಲ್ಲಿ ಡಾಕ್ಟರ ಪಾಯಸ, ಕುಡಿಯಲೂ ಆಗದೆ ಇಡಲೂ ಆಗದೆ. ಡಾಕ್ಟರು ಎದ್ದರು. ಹೋಗುತ್ತಾರೆ ಎಂದುಕೊಂಡೆ. ಅವರು ಕುರ್ಚಿ ಬಿಟ್ಟು ನಂಜಮ್ಮನ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು.

"ನನಗೆ ಸಕ್ಕರೆ ಕಾಯಿಲೆ ಇದೆ ತಾಯಿ. ಹೇಳ್ಕೊಳ್ಳೋಕೆ ನಾಚಿಕೆ."

"ಡಾಕ್ಟ್ರಿಗೆ ಎಂಗ್ ಬತ್ತದೆ?" ನಂಜಮ್ಮ ನಂಬಲಿಲ್ಲ.

ಅವರು ಬ್ಯಾಗಿನಿಂದ ಪುಟ್ಟ ಮಿಷನ್ನು ತೆಗೆದು, ತಮ್ಮ ಬೆರಳಿಗೇ ಚುಚ್ಚಿ, ಹನಿಯನ್ನು ಪಟ್ಟಿಗೆ ಮುಟ್ಟಿಸಿ ಮಹದೇವನ ಕೈಗೆ ಕೊಟ್ಟರು. ಬಂದ ನಂಬರನ್ನು ಅವನು ಅವ್ವನಿಗೆ ಓದಿ ಹೇಳಿದ. ಸರಿಯಾಗಿ ಎಷ್ಟಿರಬೇಕು ಎಂದು ಡಾಕ್ಟರು ಹೇಳಿದರು. ನಂಜಮ್ಮ ಎರಡನ್ನೂ ಮನಸ್ಸಿನಲ್ಲೇ ತೂಗಿದರು. ಆಮೇಲೆ ಡಾಕ್ಟರು ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಪಾಯಸ ಕುಡಿದು, "ಇಷ್ಟೇ ನನ್ನ ಪಾಲು" ಎಂದರು. ನಂಜಮ್ಮನ ಮುಖ ಸಡಿಲವಾಯಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು.

"ಮಿಕ್ಕಿದ್ ಪಾಲೆಲ್ಲ ತಿಂದೋನು ಇವ್ನಲ್ವಾ? ಇವ್ನ್‌ದೂ ಒಂದ್ಸತಿ ಚುಚ್ಚಿ."

ಅಷ್ಟು ಜನರ ತೋಳು ಹಿಡಿದು "ಇರುವೆ ಕಚ್ಚಿದಂಗೆ, ಅಷ್ಟೇ" ಎಂದವನು ನಾನು. ನನಗೆ ಯಾವತ್ತೂ ಯಾರೂ ಚುಚ್ಚಿರಲಿಲ್ಲ. ಚುಚ್ಚಿದರು. ಇರುವೆ ಅಲ್ಲ, ಕಣಜ. ಮಹದೇವ ನಂಬರು ನೋಡಿ ಗಂಟಲು ಸರಿಮಾಡಿಕೊಂಡು, "ಅವ್ವ, ಡ್ರೈವರಣ್ಣ ಡಾಕ್ಟ್ರನ್ನೇ ಓವರ್‌ಟೇಕ್ ಮಾಡ್ಬುಟ್ಟವ್ರೆ" ಎಂದ.

ನಂಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಡಾಕ್ಟರು ಮಾತ್ರ ನಗಲಿಲ್ಲ. ಈಗಷ್ಟೇ ತಿಂದಿದ್ದಾನೆ, ನಾಳೆ ಬರಿಹೊಟ್ಟೆಯಲ್ಲಿ ನೋಡೋಣ ಎಂದರು. ಮರುದಿನ ಬೆಳಿಗ್ಗೆ ಅದೇ ಜಗಲಿಯ ಮೇಲೆ ಮಹದೇವ ಮತ್ತು ನಾನು ಅಕ್ಕಪಕ್ಕ ತೋಳು ಚಾಚಿ ಕೂತೆವು. ನನ್ನದು ಸಕ್ಕರೆಯೇ ಎಂದು ಖಾತ್ರಿಯಾಯಿತು. ಮಹದೇವನಿಗೆ ಬಿ.ಪಿ. ಮೇಲಿತ್ತು, ಸಕ್ಕರೆ ಹೊಸ್ತಿಲಲ್ಲಿತ್ತು. ಸಿಕ್ಕಿದ್ದು ಒಳ್ಳೆಯ ಹೊತ್ತಿಗೆ. ಈಗ ಅವನಿಗೆ ಅಪ್ಪ ತೀರಿಕೊಂಡಾಗಿನದಕ್ಕಿಂತ ಹೆಚ್ಚು ವಯಸ್ಸು.

"ಬರೀ ಪಾಯಸದಿಂದ ಬರಲ್ಲ ಕಣಯ್ಯ" ಎಂದು ಡಾಕ್ಟರು ವ್ಯಾನಿನಲ್ಲಿ ಮೆಲ್ಲಗೆ ಹೇಳಿದರು. "ಮನೆತನದ್ದು ಇರುತ್ತೆ, ದಿನವಿಡೀ ಸೀಟಿನ ಮೇಲೆ ಕೂರೋದು ಇರುತ್ತೆ. ಆದ್ರೂ ನನ್ನಿಂದ ತಪ್ಪಾಯ್ತು."

"ತಪ್ಪು ಗಿಪ್ಪು ಬೇಡಿ ಸಾರ್. ನಾನೇ ದುಡಿದು ಸಂಪಾದಿಸಿದ್ದು" ಎಂದೆ. ಮಾತಿಗೇನೋ ಅಂದೆ; ಒಳಗೆ ಬೇರೆಯದೇ ಕೊರಗು. ತಿನ್ನಲಾಗದ ಡ್ರೈವರು ಇನ್ನು ಯಾವ ಪ್ರಯೋಜನಕ್ಕೆ?

ಪ್ರಯೋಜನ ಬೇಕಾಗಲಿಲ್ಲ. ಅಂದಿನಿಂದ ಡಾಕ್ಟರು ಬಾಗಿಲಲ್ಲೇ, ಚಪ್ಪಲಿ ಬಿಡುವಾಗಲೇ ಹೇಳತೊಡಗಿದರು: "ನನಗೂ ಸಕ್ಕರೆ ಇದೆ, ನಮ್ಮ ಡ್ರೈವರಿಗೂ ಇದೆ. ನೀರು ಕೊಡಿ ಸಾಕು." ತೋಳು ಕೊಡುವುದಿಲ್ಲ ಎಂದು ಅವರು ಹೆದರಿದ್ದ ಜನ ಕುರ್ಚಿ ಹತ್ತಿರ ಎಳೆದುಕೊಂಡರು. ಮಗಳ ಮದುವೆ ತಪ್ಪೀತೆಂದು ಮುಚ್ಚಿಟ್ಟವರು, ಹೆಂಡತಿಗೂ ಹೇಳದೆ ಮಾತ್ರೆ ನುಂಗುತ್ತಿದ್ದವರು, ಒಬ್ಬೊಬ್ಬರೇ "ಸಾರ್, ನನಗೂ..." ಎಂದು ದನಿ ತಗ್ಗಿಸಿದರು. ನನ್ನ ಹೊಟ್ಟೆ ಅಷ್ಟು ಕಾಲ ಹೊತ್ತ ಭಾರವನ್ನು ಒಂದು ಮಾತು ಹೊತ್ತುಬಿಟ್ಟಿತು. ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಅವಮಾನವೇ ಆಯಿತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಲ್ಯಾಬಿನವನು ಚೀಟಿ ಅಂಟಿಸಿ ಮುಗಿಸಿ, ಬೈಕಿಗೆ ಕೀ ಹಾಕುತ್ತಿದ್ದ. ನಾನು ಗೇಟಿನವರೆಗೆ ಹೋದೆ. ಅವನಿಗೆ ಎರಡು ಮಾತು ಬುದ್ಧಿ ಹೇಳಬೇಕೆಂದೇ ಎದ್ದಿದ್ದು. ಹತ್ತಿರ ಹೋದ ಮೇಲೆ ಬಾಯಿಂದ ಬೇರೆಯದೇ ಬಂತು.

"ನಿನಗೂ ಸಕ್ಕರೆನಾ ಅಪ್ಪ?"

ಅವನು ಕೀ ಮೇಲಿನ ಕೈ ತೆಗೆದ. ಬೀದಿಯ ಎರಡೂ ಕಡೆ ನೋಡಿದ. "ಹೋದ ವರ್ಷ ಗೊತ್ತಾಯ್ತು ಸಾರ್. ಮನೇಲಿ ಇನ್ನೂ ಹೇಳಿಲ್ಲ."

"ನನಗೆ ಹೇಳಿದೆಯಲ್ಲ, ಒಂದು ಮನೆ ಆಯ್ತು, ಉಳಿದದ್ದು ನಿನ್ನ ಮನೆ. ಬಾ ಒಳಗೆ" ಎಂದು ಅವನ ಹೆಲ್ಮೆಟ್ ಇಸಿದುಕೊಂಡು, ಸಪ್ಪೆ ಕಾಫಿ ಇನ್ನೊಂದು ಲೋಟ ಆಗಲಿ ಎಂದು ಒಳಕ್ಕೆ ಕೂಗಿದೆ.