ಗಿಡಕ್ಕೆ ತಿಳಿಸಬೇಕಿದ್ದ ಮಾತು

ಅರಳಸುರಳಿಯ ಅಜ್ಜಿಯೊಬ್ಬರು ಸರ್ಪಸುತ್ತಿಗೆ ಹಿತ್ತಲ ಸೊಪ್ಪಿನ ಮದ್ದು ಕೊಡುತ್ತಿದ್ದರು. ಕೀಳುವ ಮೊದಲು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ರೋಗಿಯ ಹೆಸರು ಹೇಳಿ ಅಪ್ಪಣೆ ಕೇಳುತ್ತಿದ್ದರು. ನನ್ನ ಸೊಂಟದ ಗುಳ್ಳೆಗಳಿಗೆ ಸೊಪ್ಪು ಅರೆದು ಹಚ್ಚಿ, ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದರು: "ಗುಣ ಆದ್ಮೇಲೆ ಬಂದು ಹೇಳು ಮಾರಾಯ್ತಿ, ಗಿಡಕ್ಕೆ ತಿಳಿಸ್ಬೇಕು."

ವಾರದಲ್ಲಿ ಉರಿ ಇಳಿಯಿತು. ಜೊತೆಗೆ ನುಂಗುತ್ತಿದ್ದ ಡಾಕ್ಟರ ಮಾತ್ರೆಯಿಂದಲೇ ಇಳಿದದ್ದು ಎಂದುಕೊಂಡು ನಾನು ಹೋಗಲಿಲ್ಲ.

ಮರುವರ್ಷ ಅಜ್ಜಿ ತೀರಿಕೊಂಡ ಸುದ್ದಿ ಕೇಳಿ ಹೋದಾಗ ಅವರ ಸೊಸೆ ಹೇಳಿದರು: "ನಿಮಗೆ ಮದ್ದು ಕೊಟ್ಮೇಲೆ ಅತ್ತೆ ಆ ಗಿಡ ಮುಟ್ಲೇ ಇಲ್ಲ. 'ಆ ಹುಡ್ಗಿಗೆ ಗುಣ ಆಗ್ಲಿಲ್ಲ ಕಾಣ್ತದೆ, ನನ್ನ ಕೈಗುಣ ಹೋಯ್ತು' ಅಂತ ಬಂದೋರನ್ನೆಲ್ಲ ವಾಪಸ್ ಕಳಿಸ್ತಿದ್ರು."

ಆ ವರ್ಷವಿಡೀ ನಾನು ಕೆಲಸಕ್ಕೆ ಹೋಗುವ ತೀರ್ಥಹಳ್ಳಿ ಬಸ್ಸು ದಿನಾ ಅವರ ಬೇಲಿಯ ಪಕ್ಕದಲ್ಲೇ ಸಾಗುತ್ತಿತ್ತು.