ಕಥೆ ಬೇಡ, ಬೆಲೆ ಹೇಳು

ನಮ್ಮ ಬಚ್ಚಲಿನ ತಾಮ್ರದ ಹಂಡೆಯ ಕಂಠದಲ್ಲಿ ನಾಲ್ಕು ಬೆರಳಗಲ ಜಾಗ ತಗ್ಗಾಗಿದೆ. ಮನೆಗೆ ಬಂದವರು ಯಾರೂ ಅದನ್ನು ಗಮನಿಸುವುದಿಲ್ಲ. ನಾನು ಮಾತ್ರ ನೀರು ತೋಡುವಾಗ ಕೈ ಆ ಕಡೆ ತಾಗದ ಹಾಗೆ ಚೊಂಬು ಇಳಿಸುತ್ತೇನೆ. ಇಷ್ಟು ವರ್ಷವಾದ ಮೇಲೂ.

ನಾನು ಬೆಳೆದದ್ದು ಹೋಳೂರಿನಲ್ಲಿ, ಅಜ್ಜಿಯ ಮಗ್ಗುಲಲ್ಲಿ. ಅಕ್ಷರ ಕಲಿಸುವವರು ಯಾರೂ ಇರಲಿಲ್ಲ. ನನ್ನ ಮಾತೆಲ್ಲ ಅವಳ ಬಾಯಿಂದ ನನ್ನ ಕಿವಿಗೆ ಬಿದ್ದದ್ದು. ಚೌಕಾಸಿಯಲ್ಲಂತೂ ಅವಳನ್ನು ಮೀರಿಸುವವರು ಸುತ್ತ ಹತ್ತು ಊರಲ್ಲಿ ಇರಲಿಲ್ಲ.

"ಹೊಸದಕ್ಕೆ ಅಂಗಡಿಯೋನು ಬೆಲೆ ಕಟ್ಟಿರ್ತಾನೆ ಕಣೇ, ಹಳೇದಕ್ಕೆ ಕಟ್ಟೋಳು ನೀನು" ಅನ್ನುತ್ತಿದ್ದಳು. "ಮೊದಲು ಬೆರಳು ಮಡಚಿ ತಟ್ಟು. ಗಂಯ್ ಅಂದ್ರೆ ಗಟ್ಟಿ. ಗೊರ ಅಂದ್ರೆ ಎಲ್ಲೋ ಬಿರುಕು ಬಿಟ್ಟದೆ. ಆಮೇಲೆ, ಮಾರೋರು ಕಥೆ ತೆಗೆದ್ರೋ, ಅಲ್ಲೇ ಬಾಯಿ ಮುಚ್ಚಿಸಿಬಿಡು. ಕಥೆ ಕೇಳಿದ್ರೆ ಬೆಲೆ ಏರ್ತದೆ. ಸಾಮಾನಿಗೊಂದು ದುಡ್ಡು, ಅವರ ಕಣ್ಣೀರಿಗೊಂದು ದುಡ್ಡು, ಎರಡೂ ನೀನೇ ತೆರಬೇಕು."

ತಾನು ಮಾರುವಾಗ ಮಾತ್ರ ಅವಳು ಕಥೆ ಬಿಟ್ಟವಳಲ್ಲ. ಹಾಲು ಬತ್ತಿದ ಎಮ್ಮೆಯೊಂದನ್ನು, ಅದರ ಅಜ್ಜಿ ಮುತ್ತಜ್ಜಿಯರು ಕೊಡ ತುಂಬ ಕರೆಯುತ್ತಿದ್ದುದನ್ನು ಹೇಳಿ ಹೇಳಿಯೇ ಒಳ್ಳೆಯ ಬೆಲೆಗೆ ದಾಟಿಸಿದ್ದಳು.

ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದೆ. ನಮ್ಮೆಜಮಾನರು ಗಾಡಿ ಕಟ್ಟಿ ತೋಪುಗಳಿಂದ ಮಂಡಿಗೆ ಮಾವಿನಕಾಯಿ ಹೊಡೆಯುತ್ತಿದ್ದರು. ಬಚ್ಚಲಲ್ಲಿ ಇದ್ದದ್ದು ಮಣ್ಣಿನ ಗುಡಾಣ. ನಾನು ಮೊದಲ ಬಸುರಿಯಾದಾಗ ಅದೂ ಸೀಳು ಬಿಟ್ಟಿತು. ಬಾಣಂತಿಗೆ ಬಿಸಿನೀರಿಲ್ಲದಿದ್ದರೆ ಹೇಗೆ? ಅಷ್ಟರಲ್ಲಿ ಗೌನಿಪಲ್ಲಿ ಕಡೆ ಒಬ್ಬ ಮುದುಕ ತಾಮ್ರದ ಹಂಡೆ ಮಾರುತ್ತಾನಂತೆ ಅಂತ ಯಜಮಾನರು ಸುದ್ದಿ ತಂದರು. ನಾನೂ ಬರುತ್ತೇನೆ ಅಂತ ಗಾಡಿ ಹತ್ತಿದೆ.

"ಆರು ತಿಂಗಳ ಬಸುರಿ, ಅಷ್ಟು ದೂರ ಕುಲುಕಾಡ್ಕೊಂಡು ಹೋಗ್ತೀಯೇನೇ?" ಅಂದರು ಅತ್ತೆ.

"ನಿಮ್ಮ ಮಗನ್ನ ಒಬ್ಬರನ್ನೇ ಕಳಿಸಿದ್ರೆ ಹಂಡೆ ತರೋಕೆ ಹೋಗಿ ಗಾಡೀನೂ ಕೊಟ್ಟು ಬರ್ತಾರೆ ಅತ್ತೆ" ಅಂದೆ. ಅವರಿಗೂ ನಗು ಬಂತು. ಮುಖ ನೋಡಿದರೇ ಸೊಂಟದ ಚೀಲದಲ್ಲಿ ಎಷ್ಟಿದೆ ಅಂತ ಗೊತ್ತಾಗುವಂಥ ಮನುಷ್ಯ ನಮ್ಮೆಜಮಾನರು.

ಮುದುಕ ಅಂಗಳದಲ್ಲಿ ಹಂಡೆಯನ್ನು ಕವುಚಿ ಹಾಕಿಕೊಂಡು, ಅದರ ಮೇಲೆ ಒಂದು ಕೈ ಇಟ್ಟು ಕೂತಿದ್ದ. ಒಂಟಿ. ಅರ್ಧ ತೆಲುಗು, ಅರ್ಧ ಕನ್ನಡ, ನಮ್ಮ ಗಡಿಯ ಮಾತು. ನಮಗೆ ಮಜ್ಜಿಗೆ ಕೊಟ್ಟ. ನಾನು ಅಜ್ಜಿ ಹೇಳಿದಂತೆ ಬೆರಳು ಮಡಚಿ ತಟ್ಟಿದೆ. ಗಂಯ್ ಅಂತು. ಆ ನಾದ ಅಂಗಳದಲ್ಲೆಲ್ಲ ಹರಿದು ನಿಧಾನವಾಗಿ ಆರಿತು. ಮುದುಕ ನನ್ನ ಹೊಟ್ಟೆ ನೋಡಿದ. ಅವನ ಮುಖ ಅರಳಿತು.

"ನಿನಗೇನಾ ತಲ್ಲೀ? ಹಂಗಾದ್ರೆ ಕೇಳು. ಈ ಹಂಡೆ ನೀರು ಅಂದ್ರೆ..."

"ಕಥೆ ಬೇಡ ತಾತ, ಬೆಲೆ ಹೇಳು."

ತೆರೆದ ಬಾಯಿ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮುಚ್ಚಿದ. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಹದಿನಾಲ್ಕು ರೂಪಾಯಿ" ಅಂದ.

"ಎಂಟು."

"ಎಂಟಕ್ಕೆ ಇದರ ಬಾಯಿ ಬರ್ತದೆ, ಹೊಟ್ಟೆ ಬರಲ್ಲ."

"ತಳ ನೋಡು ತಾತ, ಎಷ್ಟು ಸವೆದೈತೆ!"

"ಬೆಂಕಿ ಮೇಲೆ ಕೂತ್ಕೊಂಡ್ರೆ ನೀನೂ ಸವೀತೀಯ."

ಹೀಗೇ ಇಳಿದು ಏರಿ ಹನ್ನೊಂದಕ್ಕೆ ನಿಂತಿತು. ಆಗ ನಾನು ಬಚ್ಚಿಟ್ಟುಕೊಂಡಿದ್ದ ಕೊನೆಯ ಮಾತು ತೆಗೆದೆ. ಹಂಡೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ತವರಿನವರು ಹೆಣ್ಣಿಗೆ ಕೊಡುವ ಪಾತ್ರೆಗಳಿಗೆಲ್ಲ ಹಾಗೆ ಹೆಸರು ಹಾಕಿಸುತ್ತಾರಲ್ಲ, ಅದು. ಯಾವ ಹೆಸರೋ, ಓದಲು ನನಗೂ ಬರುತ್ತಿರಲಿಲ್ಲ, ಯಜಮಾನರಿಗೂ ಬರುತ್ತಿರಲಿಲ್ಲ.

"ಬೇರೆ ಹೆಂಗಸಿನ ಹೆಸರೈತೆ. ಅರ ಹಾಕಿ ತೆಗೆಸಬೇಕು. ಕೂಲಿ ಬೇರೆ, ತಾಮ್ರ ಸವೆಯೋದು ಬೇರೆ. ಎರಡು ರೂಪಾಯಿ ಬಿಡು" ಅಂದೆ.

ಮುದುಕ ಎದ್ದು ನಿಂತುಬಿಟ್ಟ.

"ಪೇರು ಚೆರಪೊದ್ದು ತಲ್ಲೀ!" ಹೆಸರು ಅಳಿಸಬೇಡ ತಾಯಿ ಅಂತ. "ಎರಡು ರೂಪಾಯಿ ಬಿಟ್ಟೆ. ಹೆಸರು ಇರ್ಲಿ. ನಾನು ಯಾವಾಗಾದ್ರೂ ಬಂದು ಮುಟ್ಟಿ ಹೋಗ್ತೀನಿ."

ತಲೆ ಆಡಿಸಿದೆ. ಆಣೆ ಪ್ರಮಾಣ ಏನೂ ಕೇಳಲಿಲ್ಲ ಅವನು. ಹೆಂಡತಿಯ ಹೆಸರು ಅಂತ ಗೊತ್ತಾಯಿತು. ಅವಳು ಹೇಗೆ ಹೋದಳು ಅಂತ ನಾಲಿಗೆಯ ತುದಿಗೆ ಬಂತು, ಕೇಳಲಿಲ್ಲ. ಕೇಳಿದರೆ ಕಥೆ ಶುರುವಾಗುತ್ತಿತ್ತಲ್ಲ.

ದಾರಿಯಲ್ಲಿ ಯಜಮಾನರು, "ಮಜ್ಜಿಗೆ ಕೊಟ್ಟ ಮುದುಕ. ಎರಡು ರೂಪಾಯಿ ಹೋಗಿದ್ರೆ ಹೋಗ್ತಿತ್ತಪ್ಪ" ಅಂದರು. "ಅದಕ್ಕೇ ನಾನು ಜೊತೇಲಿ ಬಂದದ್ದು" ಅಂದೆ. ಒಂಬತ್ತಕ್ಕೆ ಹಂಡೆ ತಂದೆ ಅಂತ ಹೋಳೂರಿಗೆ ಹೇಳಿಕಳಿಸಿದೆ. ಅಜ್ಜಿ ಹಿಗ್ಗಿಹೋದಳಂತೆ.

ಗಂಡು ಮಗು ಹುಟ್ಟಿತು. ಆ ಹಂಡೆಯ ನೀರನ್ನೇ ಎರೆದೆವು. ಮೂರನೇ ತಿಂಗಳಲ್ಲಿ ಜ್ವರ ಬಂದು ಮಗು ತೀರಿಹೋಯಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಾಗುವುದಿಲ್ಲ.

ತಾಮ್ರದ ಹಂಡೆಯಲ್ಲಿ ನೀರು ಕುದಿಯುವ ಮುಂಚೆ ಗುನುಗುತ್ತದೆ, ಎಲ್ಲರ ಮನೆಯದೂ. ಮಗು ಹೋದ ಮೇಲೆ ನನಗೆ ಆ ಗುನುಗು ಬೇರೆ ಥರ ಕೇಳತೊಡಗಿತು. ಯಾರೋ ಹೆಂಗಸು ಏನೋ ಹೇಳಲು ಶುರು ಮಾಡಿದ ಹಾಗೆ. ಕುದಿ ಬಂದ ಕೂಡಲೇ ಗಪ್ಪನೆ ನಿಲ್ಲುತ್ತಿತ್ತು. ಬಾಣಂತಿಯಾಗಿಯೇ ಸತ್ತಳೇನೋ, ಹೆತ್ತ ಮಗುವನ್ನು ನೋಡದೆ ಸತ್ತಳೇನೋ, ಅದಕ್ಕೇ ನನ್ನ ಮಗುವಿನ ಮೇಲೆ ಕಣ್ಣು ಬಿತ್ತೇನೋ ಅಂತ ನಾನೇ ಕಟ್ಟಿಕೊಂಡೆ. ಕೇಳದೆ ಬಿಟ್ಟ ಕಥೆಯ ಜಾಗದಲ್ಲಿ ನನ್ನದೊಂದು ಕಥೆ ಬೆಳೆಯಿತು.

ಮುದುಕ ಮಾತಿನಂತೆ ಪ್ರತಿ ವರ್ಷ ಮಾವಿನ ಕಾಲಕ್ಕೆ ಬರುತ್ತಿದ್ದ. ಹಿತ್ತಿಲ ಕಡೆಯಿಂದ ಬಂದು, ಟವೆಲಿನಲ್ಲಿ ಕಟ್ಟಿ ತಂದ ನಾಲ್ಕು ಹಣ್ಣು ಕಟ್ಟೆಯ ಮೇಲಿಟ್ಟು, ಹಂಡೆಯ ಕಂಠದ ಚುಕ್ಕಿಗಳ ಮೇಲೆ ಬೆರಳಾಡಿಸಿ, ಹೋಗಿಬಿಡುತ್ತಿದ್ದ. ಅವನಿಗೂ ಓದು ಬಾರದು, ಬೆರಳಿಗೇ ಗುರುತು. ಮಗು ಹೋದದ್ದು ಅವನಿಗೆ ಗೊತ್ತಾಗಿತ್ತು. ಏನಾದರೂ ಹೇಳಲು ಬಾಯಿ ತೆರೆದರೆ, ಒಲೆ ಮೇಲೆ ಸಾರಿದೆ ಅಂತ ನಾನು ಒಳಗೆ ಹೋಗಿಬಿಡುತ್ತಿದ್ದೆ. ಕೂತ್ಕೋ ತಾತ ಅಂತ ಒಂದು ದಿನವೂ ಅನ್ನಲಿಲ್ಲ.

ಮತ್ತೆ ಬಸುರಿಯಾದಾಗ ಯುದ್ಧದ ಕಾಲ. ಅತ್ತೆ ಬಾಗಿಲು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಆ ಹೆಸರಿನ ನೀರು ಇನ್ನೊಂದು ಮಗೀಗೆ ಬೇಡ ಕಣೇ. ಹಂಡೆ ಮಾರಿಬಿಡೋಣ."

"ಮಾರಿದ್ರೆ ಈಗ ತಾಮ್ರ ಎಲ್ಲಿ ಸಿಗ್ತದಮ್ಮ? ಮುಟ್ಟೋ ಹಂಗಿಲ್ಲ ಬೆಲೆ" ಅಂದರು ಯಜಮಾನರು ಹೊರಗಿನಿಂದಲೇ.

"ಹಂಗಾದ್ರೆ ಹೆಸರಾದರೂ ತೆಗೆಸು."

ಯಜಮಾನರು ಬಾಗಿಲು ತೆರೆದು ನನ್ನ ಮುಖ ನೋಡಿದರು. ಮಾತು ಕೊಟ್ಟವಳು ನಾನು. ಹೊಟ್ಟೆಯೊಳಗೆ ಮಗು ಹೊರಳಿತು. ತೆಗೆಸ್ತೀನಿ ಅಂದೆ.

ಮುಳಬಾಗಿಲಿನಿಂದ ಕಲಾಯಿ ಸಾಬರು ಬರುತ್ತಿದ್ದರು. ಪಾತ್ರೆಗಳಿಗೆಲ್ಲ ಕಲಾಯಿ ಆದ ಮೇಲೆ ಹಂಡೆ ತೋರಿಸಿದೆ. ಅವರಿಗೆ ಉರ್ದು ಓದಲು ಬರುತ್ತಿತ್ತು, ಈ ಅಕ್ಷರ ಬರುತ್ತಿರಲಿಲ್ಲ. ಅರ ಕೈಗೆ ತೆಗೆದುಕೊಂಡು ನಕ್ಕರು.

"ಕ್ಯಾ ಅಮ್ಮಾ, ಪಾತ್ರೆ ಮೇಲಿಂದ ಹೆಸರು ತೆಗೆಸೋರು ಇಬ್ಬರೇ. ಕದ್ದೋರು, ಇಲ್ಲ ಹೆದರಿದೋರು. ನೀವು ಯಾವ ಪೈಕಿ?"

"ನೀವು ಕೆಲಸ ಮಾಡಿ ಸಾಬರೇ."

ನನ್ನ ದನಿ ಕೇಳಿ ಅವರು ನಗು ನಿಲ್ಲಿಸಿದರು. ಕರ್ ಕರ್ ಅಂತ ಅರ ಆಡಿತು. ಹಲ್ಲು ಜುಮ್ಮೆನ್ನುತ್ತಿತ್ತು. ಕೆಂಪು ಪುಡಿ ಒಲೆಯ ಬೂದಿಯ ಮೇಲೆ ಉದುರಿತು. ಉಳಿದದ್ದು ಹೊಳೆಯುವ ಒಂದು ಗಾಯ. ಅದಕ್ಕೆ ನಾನೇ ಮಸಿ ಬಳಿದೆ.

ಹೆಣ್ಣು ಹುಟ್ಟಿತು. ಉಳಿಯಿತು. "ನೋಡಿದೆಯಾ?" ಅಂದರು ಅತ್ತೆ.

ಮಾವಿನ ಕಾಲ ಬಂತು. ಒಂದು ಬೆಳಿಗ್ಗೆ ಮಗುವಿಗೆ ನೀರೆರೆದು ಬಟ್ಟೆ ಸುತ್ತಿ ಎತ್ತಿಕೊಂಡಿದ್ದೆ. "ತಲ್ಲೀ" ಅಂತ ಹಿತ್ತಿಲಲ್ಲಿ ದನಿ. ಮುದುಕ ಮಗುವನ್ನು ನೋಡಿ ನಕ್ಕ. ಹಣ್ಣು ಇಟ್ಟ. ಹಂಡೆಯ ಕಂಠದ ಮೇಲೆ ಬೆರಳಿಟ್ಟ.

ಬೆರಳು ಒಂದು ಸುತ್ತು ಹೋಯಿತು. ಜಾಗ ಮರೆತೆನೇನೋ ಅನ್ನುವ ಹಾಗೆ ಮತ್ತೆ ಹೊರಟಿತು. ಎರಡನೇ ಸುತ್ತಿನಲ್ಲಿ ತಗ್ಗಿಗೆ ಇಳಿದು ಅಲ್ಲೇ ನಿಂತಿತು. ತೆಗೆದಾಗ ಬೆರಳ ತುದಿಯಲ್ಲಿ ನಾನು ಬಳಿದ ಮಸಿ ಇತ್ತು. ಅವನು ಅದನ್ನು ನೋಡುತ್ತಾ ನಿಂತ.

"ಮೊದಲನೇದು ಹೋಯ್ತಲ್ಲ ತಾತ, ಹೆದರಿಕೆ ಆಯ್ತು. ಅವರು ಹೆಂಗೆ ಹೋದ್ರೋ ಏನೋ ಅಂತ..."

"ನೀನು ಕೇಳಲೇ ಇಲ್ವಲ್ಲ ತಲ್ಲೀ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಈಗ ಕೇಳ್ತೀನಿ. ಕೂತ್ಕೋ ತಾತ."

ಕೂತ. ಅವರಿಗೆ ಮಕ್ಕಳೇ ಆಗಲಿಲ್ಲವಂತೆ. ಆದರೆ ಅವರ ಊರು, ಪಕ್ಕದ ಎರಡು ಊರು, ಎಲ್ಲಿ ಮಗು ಹುಟ್ಟಿದರೂ ನೀರೆರೆಯುವವಳು ಅವಳೇ. ಬಾಣಂತಿ ಮನೆಯವರು ಮಗುವನ್ನು ಅವಳ ಹಿತ್ತಿಲಿಗೇ ತರುತ್ತಿದ್ದರಂತೆ, ಈ ಹಂಡೆಯ ನೀರೇ ಬೇಕು ಅಂತ.

"ಊರಿನ ಮಕ್ಕಳೆಲ್ಲ ಅವಳ ಕಾಲ ಮೇಲೆ ಮಲಗೆದ್ದೋರೇ. ಒಂದಿನ ಉಂಡು ಮಲಗಿದಳು, ಏಳಲಿಲ್ಲ. ಒಂದು ನರಳಾಟ ಇಲ್ಲ, ಏನಿಲ್ಲ. ಹಂಡೆ ಸುಮ್ನೆ ಕೂತಿತ್ತು. ನೂಲಿಗೆ ಬಣ್ಣ ಕಾಯಿಸೋರು ಇಬ್ಬರು ಬಂದು ಹದಿನಾಲ್ಕಕ್ಕೇ ಕೇಳಿದ್ರು, ಕೊಡಲಿಲ್ಲ. ಬಸುರಿ ಮನೆಗೆ ಹೋಗ್ಲಿ ಅಂತಿದ್ದೆ. ನೀನು ಬಂದೆ."

ಅಂದರೆ ನಾನು ಚೌಕಾಸಿ ಮಾಡಿ ಗೆದ್ದದ್ದು ಏನೂ ಇರಲಿಲ್ಲ. ಅವನು ಕೊಡಲೇ ಕೂತಿದ್ದ.

"ನಾಳೇನೇ ಮತ್ತೆ ಹಾಕಿಸ್ತೀನಿ ತಾತ. ಹೆಸರೇನು ಹೇಳು."

ಅವನ ತುಟಿ ಅಲುಗಿತು, ಹೆಸರು ಹೊರಡಲಿಲ್ಲ. ಆ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದು ಹಾಗಿರಲಿ, ಗಂಡನೂ ಹೆಂಡತಿಯನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ.

"ಬದುಕಿರೋವರೆಗೂ 'ಏಮೇ' ಅಂದೇ ಕರೆದೆ" ಅಂದ. "ಹೆಸರು ಹಂಡೆ ಮೇಲೆ ಇತ್ತಲ್ಲ."

ಎದ್ದ. ಹಂಡೆಯ ಎರಡೂ ಕಡೆ ಕೈ ಊರಿ, ಬಾವಿಗೆ ಬಗ್ಗುವವನ ಹಾಗೆ ಅದರ ಬಾಯೊಳಕ್ಕೆ ಬಗ್ಗಿದ. ಅರ್ಧ ಖಾಲಿಯಾಗಿತ್ತು ಹಂಡೆ. ಒಳಗೆ ಏನೋ ಅಂದ, ಒಂದೇ ಸಲ, ಮೆಲ್ಲಗೆ. ತಾಮ್ರ ಅದನ್ನು ನುಂಗಿಕೊಂಡು ಗಂಯ್ ಅಂತು. ನನಗೆ ಕೇಳಿಸಿದ್ದು ಅದಷ್ಟೇ.

ಇನ್ನೊಂದು ಸಲ ಹೇಳು ಅಂತ ಕೇಳಲು ಬಾಯಿ ಬರಲಿಲ್ಲ. ಅದು ನನಗೆ ಹೇಳಿದ್ದಲ್ಲ. ಮುದುಕ ಟವೆಲಿನಿಂದ ಮುಖ ಒರೆಸಿಕೊಂಡು, ಮಗುವಿನ ಪಾದ ಒಂದು ಸಲ ಮುಟ್ಟಿ ಹೊರಟುಹೋದ.

ಮರುವರ್ಷ ಬರಲಿಲ್ಲ. ಯಜಮಾನರು ಕಾಯಿ ಹೊಡೆಯಲು ಆ ಕಡೆ ಹೋದಾಗ ವಿಚಾರಿಸಿದರು. ಮುದುಕ ತೀರಿಕೊಂಡಿದ್ದ. ಅವಳ ಹೆಸರೇನು ಅಂತ ಊರಿನ ಹೆಂಗಸರನ್ನೆಲ್ಲ ಕೇಳಿದರಂತೆ. ಒಬ್ಬೊಬ್ಬರೂ ಹೇಳಿದ್ದು ಒಂದೇ, "ನೀರೆರೆಯೋ ಅವ್ವ." ಅದರ ಹಿಂದಿನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಮಗಳು ಇಸ್ಕೂಲಿಗೆ ಹೋಗತೊಡಗಿದಾಗ ಅವಳ ಸ್ಲೇಟು ಹಿಡಿದು ನಾನೂ ಅಕ್ಷರ ಕಲಿತೆ. ಓದಲು ಬಂದ ದಿನ ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಒಂದೊಂದರ ಕಂಠವನ್ನೂ ಓದಿದೆ. ಅತ್ತೆಯ ಹೆಸರು, ಅವರ ಅತ್ತೆಯ ಹೆಸರು, ನನ್ನ ಹೆಸರು. ಮಗಳು ಕುಣಿದಾಡಿದಳು. ಆಮೇಲೆ ನನ್ನ ಸೆರಗು ಹಿಡಿದೆಳೆದು, "ಅಮ್ಮ, ಹಂಡೇದು ಓದಲಿಲ್ಲ" ಅಂದಳು.

ಅತ್ತೆ ತೀರಿಕೊಂಡ ಮೇಲೆ ಅಲ್ಲಿ ಏನಾದರೂ ಕೊರೆಸೋಣವೇ ಅಂತ ಯಜಮಾನರು ಒಂದೆರಡು ಸಲ ಕೇಳಿದರು. ಏನಂತ ಕೊರೆಸುವುದು? ತಗ್ಗು ಹಾಗೇ ಇದೆ. ನೀರು ಕಾಯಲು ಇಟ್ಟಾಗ ಗುನುಗು ಶುರುವಾಗುತ್ತದೆ. ಕೈಯಲ್ಲಿ ಯಾವ ಕೆಲಸವಿದ್ದರೂ ಬಿಟ್ಟು ಒಲೆಯ ಮುಂದೆ ಕೂತು ಕೇಳುತ್ತೇನೆ. ಕುದಿ ಬರುತ್ತದೆ, ನಿಲ್ಲುತ್ತದೆ.